ಇಡೀ ಆಲ್ಬಂ ಕೇಳಿದವರ ಮತ

ಡಿಸೆಂಬರ್ ಬಂತೆಂದರೆ ವರ್ಷದ ಅತ್ಯುತ್ತಮಗಳ ಪಟ್ಟಿ ಶುರುವಾಗುತ್ತದೆ. ವರ್ಷದ ಸಿನಿಮಾ, ವರ್ಷದ ನಟ, ವರ್ಷದ ಹಾಡು ಎಂದು ಕನ್ನಡದಲ್ಲೂ ಆಯ್ಕೆಗಳಿಗೆ ಬರವಿಲ್ಲ. ಆದರೆ ಈ ವರ್ಷ ಹೊರಬಂದ ಕನ್ನಡದ ಆಲ್ಬಂಗಳಲ್ಲಿ ಯಾವುದು ಮೇಲು, ಯಾಕೆ ಮೇಲು ಎಂದು ಕೇಳುಗರನ್ನು ಕೂರಿಸಿಕೊಂಡು ಕೇಳುವ ಪದ್ಧತಿ ನಮ್ಮಲ್ಲಿ ಬೆಳೆಯಲೇ ಇಲ್ಲ. ರಾಜ್ಯ ಚಲನಚಿತ್ರ ಪ್ರಶಸ್ತಿ ಸಂಗೀತ ನಿರ್ದೇಶಕರಿಗೆ, ಗೀತರಚನೆಕಾರರಿಗೆ, ಹಿನ್ನೆಲೆ ಗಾಯಕರಿಗೆ ಬೇರೆ ಬೇರೆಯಾಗಿ ಸಲ್ಲುತ್ತದೆ. ಖಾಸಗಿ ಪ್ರಶಸ್ತಿಗಳಲ್ಲಿ ‘ವರ್ಷದ ಆಲ್ಬಂ’ ಎಂಬ ವಿಭಾಗ ಕಂಡರೂ ಅಲ್ಲಿ ಪೈಪೋಟಿ ನಡೆಸುವುದು ಸಿನಿಮಾ ಹಾಡುಗಳೇ. ಭಾವಗೀತೆ, ವಚನ, ತತ್ವಪದ, ವೀಣೆ, ರಂಗಗೀತೆ, ಕಾಲೇಜು ಹುಡುಗರ ಬ್ಯಾಂಡು ಇವಕ್ಕೆಲ್ಲ ಮತಪತ್ರದಲ್ಲಿ ಜಾಗವಿಲ್ಲ. ಜಾಗ ಇರಬೇಕು ಎಂಬುದು ನನ್ನ ವಾದ. ಆ ಮತ ಹಾಕುವ ಹಕ್ಕು ಆಲ್ಬಮನ್ನು ಮೊದಲಿಂದ ಕೊನೆಯವರೆಗೆ ಕೇಳಿದವರಿಗೆ ಮಾತ್ರ ಸೇರಬೇಕು ಎಂಬುದೂ ಅದೇ ವಾದದ ಭಾಗ.

ಇಂಥ ಮಾತನ್ನು ಬೆಂಗಳೂರಿನ ಸ್ಟುಡಿಯೋಗಳ ಆಸುಪಾಸಿನಲ್ಲಿ ಆಡುವುದಕ್ಕಿಂತ ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ ಕೂತು ಆಡುವುದು ಸುಲಭ. ಬಿಡಿ ಮತ್ತು ಇಡಿಯ ನಡುವಿನ ಜಗಳ ಏನೆಂಬುದು ನಮ್ಮ ನೆರೆಯ ಬೇಲೂರಿನ ಗೋಡೆಯ ಮೇಲೆಯೇ ಇದೆ. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಾಲಯದ ಹೊರಗೆ, ಕಂಬದ ತಲೆಯಿಂದ ಚಾವಣಿಯ ಅಂಚಿಗೆ ಓರೆಯಾಗಿ ನಿಂತ 38 ಮದನಿಕೆಯರಿದ್ದಾರೆ. ಒಳಗೆ ನವರಂಗದಲ್ಲಿ ಇನ್ನೂ ನಾಲ್ವರು. ನೋಡಲು ಬಂದವರಲ್ಲಿ ಬಹುಪಾಲು ಜನ ಹೆಸರು ಹಿಡಿದು ನೆನಪಿಟ್ಟುಕೊಳ್ಳುವುದು ಒಬ್ಬಳನ್ನೇ, ಕನ್ನಡಿ ಹಿಡಿದ ದರ್ಪಣಸುಂದರಿಯನ್ನು. ಕ್ಯಾಲೆಂಡರಿನಲ್ಲಿ ಅವಳು, ಲಾಡ್ಜಿನ ಗೋಡೆಯ ಮೇಲೆ ಅವಳು, ಮದುವೆ ಛತ್ರದ ಕಮಾನಿನಲ್ಲಿ ಅವಳು. ಅವಳ ಚೆಲುವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಅದೇ ಸಾಲಿನಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿ ಇದ್ದಾಳೆ, ಗಿಳಿಯೊಡನೆ ಮಾತಾಡುವವಳಿದ್ದಾಳೆ, ಸೀರೆ ಸೆಳೆಯುವ ಕೋತಿಯನ್ನು ಗದರುವವಳಿದ್ದಾಳೆ, ವಾದ್ಯದ ತಾಳಕ್ಕೆ ಮೈ ಬಾಗಿಸಿದವಳಿದ್ದಾಳೆ. ಒಬ್ಬಳ ತಲೆಯ ಮೇಲಿನ ಬಳ್ಳಿಯ ಚಪ್ಪರದಲ್ಲಿ ಹಣ್ಣಿನ ಮೇಲೆ ಕೂತ ನೊಣಕ್ಕೆ ಹಲ್ಲಿ ಹೊಂಚು ಹಾಕುತ್ತಿದೆ. ಕತ್ತು ನೋಯುವಷ್ಟು ಹೊತ್ತು ತಲೆಯೆತ್ತಿ ನಿಂತವರಿಗೆ ಮಾತ್ರ ಆ ಹಲ್ಲಿ ಕಾಣುತ್ತದೆ. ದರ್ಪಣಸುಂದರಿಯ ಫೋಟೋ ತೆಗೆದು ಹೊರಟವರಿಗೆ ಬೇಲೂರು ನೋಡಿದ ನೆನಪೇನೋ ಇರುತ್ತದೆ, ಬೇಲೂರು ದಕ್ಕಿರುವುದಿಲ್ಲ.

ಡಿ.ವಿ. ಗುಂಡಪ್ಪನವರ ‘ಅಂತಃಪುರ ಗೀತೆ’ 1950ರಲ್ಲಿ ಪ್ರಕಟವಾಯಿತು. ಈ ಶಿಲಾಬಾಲಿಕೆಯರನ್ನು ಚೆನ್ನಕೇಶವನ ಅಂತಃಪುರದ ಹೆಂಗಳೆಯರೆಂದು ಕಲ್ಪಿಸಿ, ಅವರಲ್ಲಿ ಒಬ್ಬೊಬ್ಬಳ ಭಂಗಿಗೂ ಒಂದೊಂದು ಹಾಡು ಕಟ್ಟಿಕೊಟ್ಟ ಕೃತಿ ಅದು. ಹಾಡಿಗೆ ರಾಗವೂ ಗೊತ್ತುಮಾಡಿದೆ. ಕ್ಯಾಸೆಟ್ಟಿನ ಹೆಸರೇ ಕೇಳದ ಕಾಲದಲ್ಲಿ ಕನ್ನಡದಲ್ಲಿ ಮೂಡಿದ ಪೂರ್ಣ ಪ್ರಮಾಣದ ಆಲ್ಬಂ ಎಂದರೆ ನನ್ನ ಮಟ್ಟಿಗೆ ಅದೇ. ಒಂದು ಜಾಗ, ಒಬ್ಬನೇ ದೇವರು, ಅವನ ಸುತ್ತ ಹಲವು ಮನಸ್ಸುಗಳು: ಮುನಿಸು, ಬಿಗುಮಾನ, ಕಾತರ, ಸಲ್ಲಾಪ. ಒಂದೆರಡು ಹಾಡುಗಳು ಸಂಗೀತ ಕಛೇರಿಗಳಲ್ಲಿ, ಭರತನಾಟ್ಯದ ವೇದಿಕೆಯಲ್ಲಿ ಎಲ್ಲರ ಬಾಯಿಗೆ ಬಂದವು. ಅದು ಒಳ್ಳೆಯದೇ ಆಯಿತು. ಆದರೆ ಆ ಒಂದೆರಡನ್ನು ಮಾತ್ರ ಕೇಳಿದವರಿಗೆ ಡಿ.ವಿ.ಜಿ. ಯಾವ ಕೆಲಸ ಕೈಗೆತ್ತಿಕೊಂಡಿದ್ದರು ಎಂಬುದು ತಿಳಿಯುವುದಿಲ್ಲ. ಗುಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದ ಹಾಗೆ ಹಾಡಿನಿಂದ ಹಾಡಿಗೆ ಭಾವ ತಿರುಗುವುದರಲ್ಲೇ ಅದರ ಜೀವ ಇದೆ.

ಅಂಥ ಇಡೀತನವನ್ನು ಕನ್ನಡದ ಕಿವಿಗೆ ಅಭ್ಯಾಸ ಮಾಡಿಸಿದ್ದು ಕ್ಯಾಸೆಟ್ಟು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸ್ವರ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಭಾವಗೀತೆಯ ಕ್ಯಾಸೆಟ್ಟುಗಳ ದಾರಿ ಅಲ್ಲಿಂದ ತೆರೆಯಿತು. ಆಮೇಲೆ ಸಿ. ಅಶ್ವಥ್ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯನ್ನು ಮನೆಮನೆಗೆ ಒಯ್ದರು, ಶಿಶುನಾಳ ಷರೀಫರ ಪದಗಳನ್ನು ಉತ್ತರ ಕರ್ನಾಟಕದ ಆಚೆಗೂ ಹಬ್ಬಿಸಿದರು. ಸಾಧಾರಣ ಕ್ಯಾಸೆಟ್ಟಿಗೆ ಎರಡು ಮಗ್ಗಲು, ಒಂದೊಂದರಲ್ಲೂ ಅರ್ಧ ಗಂಟೆಯಷ್ಟು ಜಾಗ. ಮೊದಲ ಮಗ್ಗಲು ಯಾವ ಹಾಡಿನಿಂದ ತೆರೆಯಬೇಕು, ಎಲ್ಲಿ ಹೆಣ್ಣುದನಿ ಬರಬೇಕು, ಎರಡನೆಯ ಮಗ್ಗಲನ್ನು ಯಾವ ಹಾಡಿನಲ್ಲಿ ಮುಗಿಸಬೇಕು ಎಂದು ಸಂಯೋಜಕರು ತಲೆಕೆಡಿಸಿಕೊಳ್ಳುತ್ತಿದ್ದರು. ಕೇಳುವವರಿಗೂ ಹಾಡು ಹಾರಿಸುವುದು ಸುಲಭವಿರಲಿಲ್ಲ. ಟೇಪನ್ನು ಮುಂದಕ್ಕೋಡಿಸಿದರೆ ಸುತ್ತಿಕೊಳ್ಳುವ ಭಯ. ಹಾಗಾಗಿ ಇಷ್ಟವಾಗದ ಹಾಡನ್ನೂ ಜನ ಕೇಳಿದರು, ಕೇಳುತ್ತ ಕೇಳುತ್ತ ಅದೇ ಇಷ್ಟವಾಗಿದ್ದೂ ಉಂಟು. ಸಿನಿಮಾದವರೂ ಈ ಶಿಸ್ತಿಗೆ ಹೊರಗಾಗಿರಲಿಲ್ಲ. 1987ರ ‘ಪ್ರೇಮಲೋಕ’ದಲ್ಲಿ ಹಂಸಲೇಖ ಹಾಡುಗಳಲ್ಲೇ ಕತೆ ನಡೆಸಿದರು. 1997ರ ‘ನಾಗಮಂಡಲ’ದ ಹಾಡುಗಳನ್ನು ಚಿತ್ರ ನೋಡದೆ ಕೇಳಿದರೂ ಒಂದು ಲೋಕ ಕಣ್ಮುಂದೆ ನಿಲ್ಲುತ್ತದೆ.

ಈ ಇಡೀತನ ಒಡೆದದ್ದು ಹೇಗೆ ಎಂಬುದನ್ನು ಬಸ್ ಸ್ಟ್ಯಾಂಡಿನ ಪಕ್ಕದ ಮೊಬೈಲ್ ಅಂಗಡಿಗಳು ತೋರಿಸಿದವು. ಮೆಮೊರಿ ಕಾರ್ಡ್ ಕೊಟ್ಟರೆ ಹಳೆಯದು, ಹೊಸದು, ಭಕ್ತಿಗೀತೆ, ಡಿಜೆ ಎಲ್ಲ ಬೆರೆಸಿ ನೂರಾರು ಹಾಡು ತುಂಬಿಸಿ ಕೊಡುತ್ತಿದ್ದರು. ಬರೆದವರ ಹೆಸರಿಲ್ಲ, ಸ್ವರ ಹಾಕಿದವರ ಹೆಸರಿಲ್ಲ. ಈಗ ಕಾರ್ಡಿನ ಕೆಲಸವನ್ನು ಆ್ಯಪ್ ಮಾಡುತ್ತಿದೆ. ಸ್ಪಾಟಿಫೈನಲ್ಲಿ ಒಂದು ಹಾಡು 30 ಸೆಕೆಂಡ್ ಓಡಿದರೆ ಅದನ್ನು ಒಮ್ಮೆ ಕೇಳಿದ್ದಾಯಿತು ಎಂದು ಲೆಕ್ಕ ಹಿಡಿಯುತ್ತಾರೆ. ಅಷ್ಟು ಹೊತ್ತಿನಲ್ಲಿ ವೀಣೆಯ ಆಲಾಪನೆ ರಾಗದ ಬಾಗಿಲನ್ನೂ ಮುಟ್ಟಿರುವುದಿಲ್ಲ. ಹೀಗೆ ಸೇರಿದ ಲಕ್ಷ, ಕೋಟಿಗಳನ್ನೇ ಜನರ ತೀರ್ಪು ಎಂದು ಪೋಸ್ಟರಿನ ಮೇಲೆ ಹಾಕುತ್ತಾರೆ. ಅದು ಎಣಿಸಿದ ಸಂಖ್ಯೆಯೇ ಹೊರತು ತೂಗಿದ ತೀರ್ಪಲ್ಲ.

ಟಿವಿಯ ಮತದಾನದ್ದೂ ಇದೇ ಕತೆ. 2025ರ ಜನವರಿಯಲ್ಲಿ ಮುಗಿದ ಕನ್ನಡ ಬಿಗ್ ಬಾಸ್‌ನ 11ನೇ ಆವೃತ್ತಿಯಲ್ಲಿ, ಹಿಂದೆ ‘ಸರಿಗಮಪ’ದಲ್ಲಿ ಹಾಡಿ ನಾಡಿಗೆ ಪರಿಚಯವಾಗಿದ್ದ ಹನುಮಂತ ಗೆದ್ದರು. ಅವರಿಗೆ ಬಿದ್ದ ಮತ 5 ಕೋಟಿಗೂ ಹೆಚ್ಚು ಎಂದು ಘೋಷಣೆಯಾಯಿತು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಆ ಹಳ್ಳಿಯ ಗಾಯಕನ ಮೇಲಿನ ಜನರ ಪ್ರೀತಿ ನಿಜ, ಅದರ ಬಗ್ಗೆ ನನಗೆ ಸಂತೋಷವೇ ಇದೆ. ಆದರೆ ಒಬ್ಬರೇ ಮತ್ತೆ ಮತ್ತೆ ಒತ್ತಬಹುದಾದ ಮತದಿಂದ ಪ್ರೀತಿಯ ಬಿಸಿಯನ್ನು ಅಳೆಯಬಹುದು, ಕಲೆಯನ್ನು ಅಳೆಯಲಾಗದು. ಹಾಡಿಕೆಯ ಗುಣ ತೀರ್ಮಾನಿಸುವ ಜಾಗಕ್ಕೆ ಈ ವಿಧಾನ ಕಾಲಿಟ್ಟರೆ, ಬಳಗ ಯಾರಿಗೆ ದೊಡ್ಡದೋ ಗೆಲುವು ಅವರದು.

ಜನರ ಕಿವಿಯ ಮೇಲೆ ನನಗೆ ನಂಬಿಕೆ ಇಲ್ಲವೆಂದಲ್ಲ. ತುಂಬ ಇದೆ. ಆ ನಂಬಿಕೆ ಬಂದದ್ದು ನಮ್ಮ ಕಡೆಯ ‘ಕುರುಕ್ಷೇತ್ರ’ ನಾಟಕಗಳಿಂದ. ಅರಸೀಕೆರೆ, ತಿಪಟೂರು, ಚನ್ನರಾಯಪಟ್ಟಣದ ಸೀಮೆಯಲ್ಲಿ ಜಾತ್ರೆ, ಹಬ್ಬಗಳಿಗೆ ಪೌರಾಣಿಕ ನಾಟಕ ಇನ್ನೂ ಬೇಕು. ವೇಷ ಹಾಕುವವರು ರೈತರು, ಮೇಷ್ಟರು, ಕಂಡಕ್ಟರುಗಳು, ಅಂಗಡಿಯವರು. ಪಾತ್ರಕ್ಕೆ ಇಷ್ಟು ಎಂದು ತಾವೇ ದುಡ್ಡು ಹಾಕುತ್ತಾರೆ, ಹಾರ್ಮೋನಿಯಂ ಮೇಷ್ಟರ ಮುಂದೆ ತಿಂಗಳುಗಟ್ಟಲೆ ಕೂತು ಕಂದ, ವೃತ್ತ, ಮಟ್ಟುಗಳನ್ನು ಒಪ್ಪಿಸುತ್ತಾರೆ. ನಾಟಕ ರಾತ್ರಿ ಶುರುವಾದರೆ ಬೆಳ್ಳಿ ಮೂಡುವ ತನಕ. ಕೃಷ್ಣನ ಪಾತ್ರಧಾರಿ ತಾರಕದಲ್ಲಿ ಉಸಿರು ಹಿಡಿದು ನಿಂತ ಕೂಡಲೇ ‘ಒನ್ಸ್ ಮೋರ್’ ಕೂಗು ಏಳುತ್ತದೆ. ನೆಂಟನೊಬ್ಬ ಪಕ್ಕದ ಮೆಟ್ಟಿಲು ಹತ್ತಿ ಬಂದು ಪೀತಾಂಬರಕ್ಕೆ ನೋಟು ಸಿಕ್ಕಿಸುತ್ತಾನೆ, ಇನ್ನೊಬ್ಬ ನೋಟಿನ ಹಾರವನ್ನೇ ಹಾಕುತ್ತಾನೆ, ಮೈಕಿನಲ್ಲಿ ದಾನಿಯ ಹೆಸರು ಕೇಳಿಬರುತ್ತದೆ. ಅದು ಒಂದು ಬಗೆಯ ಮತ. ಅದರಲ್ಲಿ ನೆಂಟಸ್ತನವೂ ಇದೆ, ಊರ ಗೌರವವೂ ಇದೆ, ಆ ಗಳಿಗೆಯ ನಿಜವಾದ ರೋಮಾಂಚನವೂ ಇದೆ.

ಇನ್ನೊಂದು ಬಗೆಯ ಮತ ಬೀಳುವುದು ಮರುದಿನ ಟೀ ಅಂಗಡಿಯಲ್ಲಿ. ರಾತ್ರಿಯೆಲ್ಲ ಕೂತು ಕೇಳಿದ ಹಿರಿಯರು ಅಲ್ಲಿ ಮಾತಾಡುತ್ತಾರೆ. ಒನ್ಸ್ ಮೋರ್ ಗಿಟ್ಟಿಸಿದವನ ದನಿ ಯುದ್ಧದ ಹೊತ್ತಿಗೆ ಒಡೆದಿತ್ತು. ಕರ್ಣ ಮಾಡಿದವನು ಒಂದೇ ಒಂದು ಚಪ್ಪಾಳೆ ಪಡೆಯದೆ ಕೊನೆಯ ಪದದ ತನಕ ಶ್ರುತಿ ಬಿಡಲಿಲ್ಲ. ವಿದುರನದು ಸಣ್ಣ ಪಾತ್ರವಾದರೂ ಮಾತು ಹಾಡಿಗೆ ಜಾರುವ ಜಾಗ ಎಷ್ಟು ಸೊಗಸಾಗಿತ್ತು. ತಬಲಾದವನು ಇಡೀ ನಾಟಕವನ್ನು ಹೆಗಲ ಮೇಲೆ ಹೊತ್ತ. ಈ ಮಾತಿಗೆ ನೋಟಿನ ಹಾರದ ಹಂಗಿಲ್ಲ. ಮುಂದಿನ ವರ್ಷ ಕರ್ಣನ ಪಾತ್ರ ಯಾರಿಗೆ ಎಂಬುದು ಎಷ್ಟೋ ಊರುಗಳಲ್ಲಿ ಅಲ್ಲೇ ಇತ್ಯರ್ಥವಾಗುತ್ತದೆ. ವರ್ಷದ ಆಲ್ಬಮಿಗೆ ಬೇಕಾದ ಮತದಾರರು ಇವರೇ. ಓದಿದವರೋ ಅಲ್ಲವೋ, ರಾಗದ ಹೆಸರು ಬಲ್ಲವರೋ ಅಲ್ಲವೋ ಎಂಬುದು ಎರಡನೆಯ ಮಾತು. ಕೊನೆಯ ತನಕ ಕೂತಿದ್ದರೇ ಎಂಬುದೇ ಮೊದಲ ಅರ್ಹತೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಬೇರೆ ಬೇರೆ ಜಾತಿಯ ಸಂಗೀತವನ್ನು ಒಂದೇ ಪಟ್ಟಿಯಲ್ಲಿ ಹೋಲಿಸುವುದು ಹೇಗೆ? ಅರಸೀಕೆರೆ ಜಂಕ್ಷನ್ನಿನಲ್ಲಿ ಈ ಪ್ರಶ್ನೆಗೆ ಮೈ ಬರುತ್ತದೆ. ಹುಬ್ಬಳ್ಳಿಯಿಂದ ಬರುವ ರೈಲುದಾರಿಗೆ ಮೈಸೂರು, ಹಾಸನದ ಕಡೆಯ ದಾರಿ ಇಲ್ಲೇ ಕೂಡುತ್ತದೆ. ಒಂದು ದಿಕ್ಕಿನಲ್ಲಿ ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಅವರ ಹಿಂದುಸ್ತಾನಿ. ಇನ್ನೊಂದು ದಿಕ್ಕಿನಲ್ಲಿ ಮೈಸೂರಿನ ಕರ್ನಾಟಕ ಸಂಗೀತ, ಅದರಲ್ಲೂ ನಮ್ಮ ಜಿಲ್ಲೆಯದೇ ಮಣ್ಣು: ಗದ್ದವಳ್ಳಿಯಲ್ಲಿ ಹುಟ್ಟಿದ ವೀಣೆಯ ದೊರೆಸ್ವಾಮಿ ಅಯ್ಯಂಗಾರ್, ರುದ್ರಪಟ್ಟಣದಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್. ಇಬ್ಬರೂ 1920ರಲ್ಲಿ ಹುಟ್ಟಿದವರು, ಇಬ್ಬರೂ ಆಕಾಶವಾಣಿಯಲ್ಲಿ ದುಡಿದವರು. ಮನ್ಸೂರರ ಒಂದು ಧ್ವನಿಮುದ್ರಣವನ್ನೂ ದೊರೆಸ್ವಾಮಿ ಅಯ್ಯಂಗಾರರದೊಂದನ್ನೂ ಮುಂದಿಟ್ಟು ಇದು ಒಂದು, ಅದು ಎರಡು ಎನ್ನಲು ನನಗಂತೂ ನಾಲಿಗೆ ಏಳುವುದಿಲ್ಲ.

ಆದರೆ ಈ ಕಷ್ಟ ಹುಟ್ಟುವುದು ಒಬ್ಬನಿಗೆ ಒಂದೇ ಮತ ಎಂದಾಗ. ನ್ಯೂಯಾರ್ಕಿನ ವಿಲೇಜ್ ವಾಯ್ಸ್ ಪತ್ರಿಕೆ 1970ರ ದಶಕದಿಂದ ನಡೆಸಿದ ವಿಮರ್ಶಕರ ಮತದಾನದಲ್ಲಿ ಒಳ್ಳೆಯದೊಂದು ಉಪಾಯವಿತ್ತು. ಮತದಾರನ ಕೈಯಲ್ಲಿ 100 ಅಂಕ. ಅವನ್ನು ಹತ್ತು ಆಲ್ಬಂಗಳಿಗೆ ಹಂಚಬೇಕು. ಯಾವುದಕ್ಕೂ 30 ಮೀರಬಾರದು, 5ಕ್ಕಿಂತ ಕಡಿಮೆ ಕೊಡಬಾರದು. ಇದರಿಂದ ಎರಡು ಲಾಭ. ಅಭಿಮಾನಿ ತನ್ನ ಒಬ್ಬ ನೆಚ್ಚಿನ ಗಾಯಕನಿಗೆ ಎಲ್ಲವನ್ನೂ ಸುರಿಯಲಾರ. ಹತ್ತು ಹೆಸರು ಬರೆಯಲೇಬೇಕಾದ್ದರಿಂದ ಹತ್ತನ್ನಾದರೂ ಕೇಳಲೇಬೇಕು, ಹತ್ತು ಆರಿಸಲು ಇಪ್ಪತ್ತು, ಮೂವತ್ತು ಕೇಳಬೇಕು. ಮತದಾನದ ಫಲಿತಾಂಶಕ್ಕಿಂತ ಆ ಮೂವತ್ತು ಆಲ್ಬಂಗಳನ್ನು ಕೇಳಿಸುವುದೇ ನನಗೆ ದೊಡ್ಡ ಕೆಲಸವಾಗಿ ಕಾಣುತ್ತದೆ.

ಅಂಕದ ಪಕ್ಕದಲ್ಲಿ ಒಂದು ಸಾಲು ಕಾರಣವನ್ನೂ ಬರೆಸಬೇಕು. ಅದಕ್ಕೆ ಮಾದರಿ ನಮ್ಮವರ ಬಾಯಲ್ಲೇ ಇದೆ. ಬೇಲೂರನ್ನು ಒಳಗೆ ನೋಡಬೇಕು, ಹಳೇಬೀಡನ್ನು ಹೊರಗೆ ನೋಡಬೇಕು ಎನ್ನುವ ಮಾತು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಯಾವುದು ದೊಡ್ಡದು ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಯಾವುದನ್ನು ಎಲ್ಲಿ ನಿಂತು ನೋಡಬೇಕು ಎಂದು ಅದು ಹೇಳಿಕೊಡುತ್ತದೆ. ಬೇಲೂರಿನ ನವರಂಗದ ಕಂಬಗಳು, ಭುವನೇಶ್ವರಿ ಎಂಬ ಕೆತ್ತನೆಯ ಒಳಚಾವಣಿ ಒಳಗಿವೆ. ಹಳೇಬೀಡಿನ ಹೊಯ್ಸಳೇಶ್ವರದ ಐಸಿರಿ ಹೊರಗೋಡೆಯ ಪಟ್ಟಿಕೆಗಳಲ್ಲಿದೆ: ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮಹಾಕಾವ್ಯದ ಕತೆಗಳು, ಮಕರ, ಹಂಸ. ರಾಮಾಯಣ, ಭಾರತ ಅಲ್ಲಿ ನಡೆಯುತ್ತ ಓದುವಂಥವು. ನಿಂತ ಕಡೆ ನಿಂತರೆ ಕತೆ ಮುಂದೆ ಹೋಗದು. ಹಾಗೆಯೇ ಒಂದು ಆಲ್ಬಮನ್ನು ಅದರ ಸಾಹಿತ್ಯಕ್ಕೆ ಕಿವಿಗೊಟ್ಟು ಕೇಳಿ, ಇನ್ನೊಂದನ್ನು ತಾಳವಾದ್ಯಕ್ಕಾಗಿ ಕೇಳಿ ಎಂದು ಮತದಾರ ಬರೆದರೆ, ಹೊಸ ಕೇಳುಗನಿಗೆ ಸಿಕ್ಕಿದ್ದು ಬರೀ ಕ್ರಮಾಂಕವಲ್ಲ, ದಾರಿ.

ಮತ ಯಾರದು ಎಂಬುದರ ಬಗ್ಗೆ ಜಗತ್ತಿನಲ್ಲಿ ಬೇರೆ ಬೇರೆ ರೂಢಿಗಳಿವೆ. ಗ್ರ್ಯಾಮಿಯಲ್ಲಿ ಸಂಗೀತವೇ ಕಸುಬಾದ ಸದಸ್ಯರು ಎರಡು ಸುತ್ತಿನಲ್ಲಿ ಮತ ಹಾಕುತ್ತಾರೆ. ಬೆಂಗಳೂರಿನ ರಿಕ್ಕಿ ಕೇಜ್ 2015ರಲ್ಲಿ ‘ವಿಂಡ್ಸ್ ಆಫ್ ಸಂಸಾರ’ಕ್ಕೂ 2022ರಲ್ಲಿ ‘ಡಿವೈನ್ ಟೈಡ್ಸ್’ಗೂ ಅಲ್ಲಿ ಪ್ರಶಸ್ತಿ ಪಡೆದರು. ಆಕಾಶವಾಣಿಯ ಆಡಿಷನ್ನಿನಲ್ಲಿ ಹಾಡುವವರು ಯಾರೆಂದು ತಿಳಿಯದಂತೆ ಕೇಳಿ ದರ್ಜೆ ಕೊಡುವ ಪದ್ಧತಿ ಬಂತು. ಈ ಎರಡನೆಯದರಿಂದ ನಾವು ಒಂದನ್ನು ಎರವಲು ಪಡೆಯಬಹುದು: ಮೊದಲ ಸುತ್ತಿನಲ್ಲಿ ಹೆಸರು, ಮುಖಪುಟ, ಕಂಪನಿ ಏನೂ ತೋರಿಸದೆ ಕೇಳಿಸುವುದು. ಹೆಸರಾಂತ ಗಾಯಕರ ಬೇಸತ್ತ ಹಾಡಿಕೆಗೂ ಹೊಸಬರ ಹುರುಪಿಗೂ ಇರುವ ಅಂತರ ಆಗ ತಾನಾಗಿ ಕೇಳಿಸುತ್ತದೆ.

ಆದರೆ ಎರಡನೆಯ ಸುತ್ತಿನಲ್ಲಿ ಹೆಸರು ಬೇಕೇ ಬೇಕು, ಎಲ್ಲರ ಹೆಸರೂ ಬೇಕು. ಬೇಲೂರಿನ ಎಷ್ಟೋ ಮದನಿಕೆಯರ ಪಾದದ ಬಳಿ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದುಗಿನ ನಾಗೋಜ. ಕೆಲವರು ಊರು, ತಂದೆ, ಬಿರುದು ಎಲ್ಲವನ್ನೂ ಕೊರೆದಿದ್ದಾರೆ. ಬಿರುದು ಹೊತ್ತ ಶಿಲ್ಪಿಗಳನ್ನೇ ಮಣಿಸಿದವನು ತಾನು ಎಂದು ಎದೆ ತಟ್ಟಿ ಹೇಳಿಕೊಂಡಿದ್ದಾರೆ. ಒಂಬೈನೂರು ವರ್ಷದ ಕೆಳಗೆ ಕಲ್ಲುಕುಟಿಗನಿಗೆ ಸಿಕ್ಕ ಆ ಮರ್ಯಾದೆ ಇವತ್ತು ಕನ್ನಡದ ಆಲ್ಬಮಿನಲ್ಲಿ ಕೊಳಲು ನುಡಿಸಿದವರಿಗೆ ಸಿಗುತ್ತಿಲ್ಲ. ಕ್ಯಾಸೆಟ್ಟಿನ ಒಳಹಾಳೆಯಲ್ಲಿ ಸಣ್ಣ ಅಕ್ಷರದಲ್ಲಾದರೂ ತಬಲಾ, ಸಿತಾರ್, ಮ್ಯಾಂಡೋಲಿನ್ ನುಡಿಸಿದವರ ಹೆಸರು ಅಚ್ಚಾಗುತ್ತಿತ್ತು. ಮೊಬೈಲ್ ತೆರೆಯ ಮೇಲೆ ಗಾಯಕರ ಹೆಸರು ಉಳಿಯಿತು, ಎಷ್ಟೋ ಸಲ ಕವಿಯ ಹೆಸರೇ ಹಾರಿಹೋಯಿತು. ಬೇಂದ್ರೆಯ ಪದ್ಯವನ್ನು ಜನಪದ ಗೀತೆ ಎಂದು ಹಾಕಿದ್ದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಆದ್ದರಿಂದ ನನ್ನ ಮತಪತ್ರದ ನಿಯಮ ಕಟ್ಟುನಿಟ್ಟು: ಕವಿ, ಸಂಯೋಜಕ, ವಾದ್ಯಗಾರರು, ಧ್ವನಿಮುದ್ರಣ ಮಾಡಿದವರು, ಇಷ್ಟೂ ಹೆಸರು ಕೊಡದ ಆಲ್ಬಂ ಸ್ಪರ್ಧೆಗೆ ಇಲ್ಲ. ಪ್ರಶಸ್ತಿಯ ಆಸೆಗಾದರೂ ಕಂಪನಿಗಳು ಹೆಸರು ಹಾಕುವುದನ್ನು ಕಲಿಯಲಿ.

ಕಲೆಯಲ್ಲಿ ಪೈಪೋಟಿ ಸಲ್ಲದು ಎನ್ನುವವರಿಗೆ ಆ ಶಿಲ್ಪಿಗಳ ಬಿರುದುಗಳೇ ಉತ್ತರ. ವಿಷ್ಣುವರ್ಧನನ ರಾಣಿ ಶಾಂತಲೆಯನ್ನು ಗೀತ, ವಾದ್ಯ, ನೃತ್ಯಗಳಲ್ಲಿ ಪರಿಣತೆ ಎಂದು ಹೊಗಳುವ ಶಾಸನಗಳೂ ಅದೇ ಕಾಲದವು. ನಮ್ಮ ಪರಂಪರೆಗೆ ಹೋಲಿಕೆ, ಹೊಗಳಿಕೆ, ಮೇಲಾಟ ಹೊಸತಲ್ಲ. ಅಪಾಯ ಇರುವುದು ಪಟ್ಟಿಯ ಗಡಿಯಲ್ಲಿ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಒಂದೇ ಸಮೂಹವಾಗಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಮೂರರಲ್ಲಿ ಯಾವುದು ಮೊದಲು ಎಂದು ಯಾರೂ ಕೇಳಲಿಲ್ಲ, ಅದು ವಿವೇಕ. ಆದರೆ ಅರಸೀಕೆರೆಯ ಶಿವಾಲಯ ಆ ಪಟ್ಟಿಯಲ್ಲಿಲ್ಲ. 1220ರ ಸುಮಾರಿನ ಆ ಗುಡಿಯ ನಕ್ಷತ್ರಾಕಾರದ ತೆರೆದ ಮುಖಮಂಟಪದಂಥದ್ದು ಹೊಯ್ಸಳರ ಇತರ ಗುಡಿಗಳಲ್ಲಿ ಅಪರೂಪ. ಅದನ್ನು ನೋಡಲು ಅರಸೀಕೆರೆಯಲ್ಲಿ ಇಳಿಯುವವರಿಗಿಂತ ಇಲ್ಲಿ ರೈಲು ಬದಲಿಸಿ ಮುಂದೆ ಹೋಗುವವರೇ ಹೆಚ್ಚು. ಪಟ್ಟಿ ಸೇರದ ಒಳ್ಳೆಯದಕ್ಕೆ ಏನಾಗುತ್ತದೆ ಎಂಬುದು ಈ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಗೆದ್ದ ಒಂದು ಹೆಸರಿನ ಜೊತೆಗೆ ಒಂದೇ ಒಂದು ಮತ ಬಿದ್ದ ಆಲ್ಬಮಿನ ಹೆಸರನ್ನೂ, ಆ ಒಂದು ಮತಕ್ಕೆ ಬರೆದ ಕಾರಣವನ್ನೂ ಪ್ರಕಟಿಸಬೇಕು. ಮೂಲೆಯ ಊರಿನ ತತ್ವಪದಕಾರರು ತಮ್ಮ ಖರ್ಚಿನಲ್ಲಿ ತಂದ ಮುದ್ರಿಕೆ ಆ ಉದ್ದನೆಯ ಪಟ್ಟಿಯ ಬಾಲದಲ್ಲಾದರೂ ದಾಖಲಾಗುತ್ತದೆ.

ಮತದ ದಿನ ಡಿಸೆಂಬರ್ 31 ಆಗಬೇಕಿಲ್ಲ. ನವೆಂಬರಿನಲ್ಲಿ, ರಾಜ್ಯೋತ್ಸವದ ಆಸುಪಾಸಿನಲ್ಲಿ, ಕನ್ನಡದ ಆಲ್ಬಂಗಳು ಒಟ್ಟೊಟ್ಟಿಗೆ ಬರುತ್ತವೆ. ಅವು ಕಿವಿಯಲ್ಲಿ ನೆಲೆಯೂರಲು ಒಂದಿಷ್ಟು ತಿಂಗಳು ಬೇಕು. ಯುಗಾದಿಗೆ ಮತ ಹಾಕೋಣ. ಇನ್ನೊಂದು ನಿಯಮವನ್ನು ಮೊದಲೇ ಬರೆದಿಟ್ಟುಕೊಳ್ಳೋಣ: ಪ್ರತಿ ವರ್ಷದ ಪೆಟ್ಟಿಗೆಯನ್ನು ಹತ್ತು ವರ್ಷದ ಮೇಲೆ ಮತ್ತೆ ತೆರೆದು, ಅದೇ ಆಲ್ಬಂಗಳಿಗೆ ಎರಡನೆಯ ಸಲ ಮತ ಹಾಕಬೇಕು. ಮೊದಲ ಸಲ ಗೆದ್ದದ್ದು ಆಗಲೂ ಗೆದ್ದರೆ ಅದರ ಬಲ ಗೊತ್ತಾಗುತ್ತದೆ. ಸೋತದ್ದು ಗೆದ್ದರೆ, ನಡುವಿನ ಹತ್ತು ವರ್ಷ ಅದನ್ನು ಬಿಡದೆ ಕೇಳುತ್ತ ಬಂದವರು ಯಾರು, ಎಲ್ಲಿಯವರು ಎಂದು ಹುಡುಕಿಕೊಂಡು ಹೋಗಿ ಅವರಿಂದ ಒಂದು ಪುಟ ಬರೆಸಬೇಕು.